ಒಂದು ಲೆಗ್ ಬೈ

ಹೈಸ್ಕೂಲಿನಲ್ಲಿ ಕ್ರಿಕೆಟ್ ಟೀಮಿನಲ್ಲಿದ್ದೆ ಅಂತ ನಾನು ಹೇಳಿಕೊಂಡರೆ ಅದು ಅರ್ಧ ನಿಜ. ಟೀಮಿನ ಜೊತೆ ಹೋಗುತ್ತಿದ್ದೆ. ಟೀಮಿನ ಫೋಟೊದಲ್ಲಿ ತುದಿಗೆ ನಿಂತಿದ್ದೇನೆ. ಮ್ಯಾಚಿನ ದಿನ ಕೊಡುತ್ತಿದ್ದ ಬನ್ನು, ಬಾಳೆಹಣ್ಣಿನಲ್ಲಿ ನನಗೂ ಪಾಲಿತ್ತು. ಆದರೆ ಒಂದು ಬಾಲ್ ಹಾಕಿದವನಲ್ಲ, ಒಂದು ಬಾಲ್ ಆಡಿದವನಲ್ಲ. ನಾನು ಸ್ಕೋರರ್.

ಸೆಲೆಕ್ಷನ್ ದಿನ ಮೂರು ಕ್ಯಾಚ್ ಬಿಟ್ಟೆ. ಮೂರನೆಯದು ನೇರ ಮೂಗಿಗೆ ಬಂತು. ನಲ್ಲಿ ಹತ್ತಿರ ರಕ್ತ ತೊಳೆದುಕೊಳ್ಳುತ್ತಿದ್ದಾಗ ಪಿಟಿ ಮೇಷ್ಟ್ರು ಬಂದು ನಿಂತರು. "ಲೋ, ನಿನ್ನ ಅಕ್ಷರ ದುಂಡಗಿದೆ ಅಲ್ವಾ?" ಅಂದರು. ಹೂಂ ಸಾರ್ ಅಂದೆ. ನನ್ನ ಸೆಲೆಕ್ಷನ್ ಆಗಿದ್ದು ಹಾಗೆ.

ಇದು 1996ರ ಮೈಸೂರು. ನಾನಾಗ ಒಂಬತ್ತನೇ ಕ್ಲಾಸು. ಆ ವರ್ಷ ಕರ್ನಾಟಕದ ಹುಡುಗರಿಗೆ ಕ್ರಿಕೆಟ್ ಹುಚ್ಚು ಹಿಡಿಯದೇ ಇದ್ದಿದ್ದರೆ ಅದೇ ಆಶ್ಚರ್ಯ. ಮಾರ್ಚ್‌ನಲ್ಲಿ ಬೆಂಗಳೂರಲ್ಲೇ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಬ್ಯಾಟು ತೋರಿಸಿ ಕೆಣಕಿದ ಅಮೀರ್ ಸೊಹೈಲ್‌ನ ಸ್ಟಂಪನ್ನು ವೆಂಕಟೇಶ್ ಪ್ರಸಾದ್ ಮುಂದಿನ ಬಾಲಿಗೇ ಕಿತ್ತಿದ್ದರು. ಜೂನ್‌ನಲ್ಲಿ ಅದೇ ಪ್ರಸಾದ್, ಜೊತೆಗೆ ಗದಗದ ಸುನಿಲ್ ಜೋಶಿ, ಇಬ್ಬರೂ ಒಂದೇ ದಿನ ಎಜ್‌ಬಾಸ್ಟನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಎರಡು ವಾರ ಕಳೆಯುವಷ್ಟರಲ್ಲಿ ಲಾರ್ಡ್ಸ್‌ನಲ್ಲಿ ದ್ರಾವಿಡ್ 95. ಕುಂಬ್ಳೆ, ಶ್ರೀನಾಥ್ ಮೊದಲಿಂದಲೂ ಇದ್ದರು. ಶ್ರೀನಾಥ್ ಅಂತೂ ನಮ್ಮ ಊರಿನವರೇ. ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್ ಓದಿದವರು. 'ಶ್ರೀನಾಥ್‌ಗೆ ನಾನು ಬ್ಯಾಟ್ ಮಾಡಿದ್ದೀನಿ' ಅನ್ನುವ ಅಣ್ಣಂದಿರು ಬೀದಿಗೆ ಇಬ್ಬರಂತೆ ಸಿಗುತ್ತಿದ್ದರು. ಅವರೆಲ್ಲ ಹೇಳಿದ್ದು ನಿಜವಾಗಿದ್ದರೆ ಆ ಮನುಷ್ಯನಿಗೆ ಓದಲು ಟೈಮೇ ಸಿಗುತ್ತಿರಲಿಲ್ಲ.

ನಮ್ಮ ಟೀಮಿನವರ ಹೆಸರು ಇಲ್ಲಿ ಬೇಡ. ಅಡ್ಡಹೆಸರೇ ಸಾಕು, ಈಗಲೂ ನಾವು ಕರೆಯುವುದು ಅದರಿಂದಲೇ. ಕ್ಯಾಪ್ಟನ್ ಕ್ಯಾಪ್ಟನ್ ಆಗಿದ್ದು ಒಳ್ಳೇ ಬ್ಯಾಟು ಅವನ ಹತ್ತಿರ ಮಾತ್ರ ಇತ್ತು ಅನ್ನುವ ಕಾರಣಕ್ಕೆ. ಅವನು ಔಟಾದರೆ ಬ್ಯಾಟನ್ನು ಅಲ್ಲೇ ಬಿಟ್ಟು ಬರಬೇಕು, ಅದು ಒಪ್ಪಂದ. ವಿಕೆಟ್ ಕೀಪರ್ 'ಟೈಲರ್'. ಅವನ ಅಪ್ಪನ ಅಂಗಡಿಯಲ್ಲಿ ನಮ್ಮ ಗ್ಲೌಸು, ಪ್ಯಾಡಿನ ಪಟ್ಟಿ ಎಲ್ಲದಕ್ಕೂ ಹೊಲಿಗೆ ಬೀಳುತ್ತಿತ್ತು. ಕೀಪಿಂಗ್ ಗ್ಲೌಸಿನ ಒಂದು ಬೆರಳು ಪ್ಯಾಂಟಿನ ಬಟ್ಟೆಯದ್ದು. ಫಾಸ್ಟ್ ಬೌಲರ್ 'ಡೈರಿ'. ಬೆಳಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಊರಿಂದ ಬಸ್ಸು ಹತ್ತಿ ಬರುತ್ತಿದ್ದವನು. ಅವನ ಮಣಿಕಟ್ಟಿನ ಬಲ ಹಸುಗಳ ಕೊಡುಗೆ ಅಂತ ನಾನು ಇವತ್ತಿಗೂ ನಂಬಿದ್ದೇನೆ. ಲೆಗ್ ಸ್ಪಿನ್ನರ್ ತನಗೆ ತಾನೇ 'ಜಂಬೊ' ಅಂತ ಕುಂಬ್ಳೆಯ ಅಡ್ಡಹೆಸರನ್ನೇ ಇಟ್ಟುಕೊಂಡಿದ್ದ. ಬಾಲೇ ತಿರುಗಲ್ವಲ್ಲೋ ಅಂದರೆ, "ಕುಂಬ್ಳೆದೂ ತಿರುಗಲ್ಲ ಕಣೋ, ಅದಕ್ಕೇ ವಿಕೆಟ್ ಬೀಳೋದು" ಅನ್ನುತ್ತಿದ್ದ.

ಆಮೇಲೆ ಚಪಾತಿ. ಓಪನರ್. ಡಬ್ಬಿಯಲ್ಲಿ ವಾರಕ್ಕೆ ಆರು ದಿನ ಚಪಾತಿ, ಹಾಗಾಗಿ ಆ ಹೆಸರು. ಬ್ಯಾಟಿಂಗ್ ಕೂಡ ಹಾಗೇ, ರುಚಿ ಇಲ್ಲ, ಆದರೆ ಹೊಟ್ಟೆ ತುಂಬುತ್ತೆ. ಹೊಡೆಯುವುದಕ್ಕಿಂತ ತಡೆಯುವುದು ಜಾಸ್ತಿ. ನನ್ನ ಪಕ್ಕದ ಬೆಂಚಿನವನು, ನನ್ನ ಬೀದಿಯವನು. ಅವನಿಗೆ ಅದು ಕೊನೆಯ ಸೀಸನ್. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, ಬ್ಯಾಟು ಮುಟ್ಟಿದರೆ ಕೈ ಮುರೀತೀನಿ ಅಂತ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. "ಒಂದು ಫಿಫ್ಟಿ ಹೊಡೆದ್ರೆ ಮಾತಾಡ್ಬೋದು ಕಣೋ" ಅಂತ ಸಂಜೆ ಸೈಕಲ್ ತಳ್ಳಿಕೊಂಡು ಬರುವಾಗ ಎಷ್ಟು ಸಲ ಹೇಳಿದ್ದನೋ.

ನಾವು ಆಡುತ್ತಿದ್ದದ್ದು ಮ್ಯಾಟ್ ಮೇಲೆ. ತೆಂಗಿನ ನಾರಿನ ಮ್ಯಾಟು. ಟಿವಿಯಲ್ಲಿ ಕಾಣುವ ಹುಲ್ಲಿನ ಪಿಚ್ಚು ನಮಗೆ ಟಿವಿಯಲ್ಲಷ್ಟೇ. ಪಿಟಿ ರೂಮಿನ ಮೂಲೆಯಲ್ಲಿ ಅದು ಸುರುಳಿ ಸುತ್ತಿಕೊಂಡು ಬಿದ್ದಿರುತ್ತಿತ್ತು. ಒಣಗಿದ್ದರೆ ಎತ್ತಲು ನಾಲ್ಕು ಜನ ಸಾಕು. ಮಳೆಯಲ್ಲಿ ನೆಂದಿದ್ದರೆ ಎಂಟು ಜನ ಬೇಕು, ಎಂಟೂ ಜನ ಬೈಯುತ್ತಿರುತ್ತಾರೆ. ಬಿಚ್ಚಿದಾಗ ಮೊದಲು ಏಳುವುದು ವಾಸನೆ, ತೇವದ ನಾರು, ಇಲಿ, ಹಳೇ ದೂಳು ಎಲ್ಲ ಸೇರಿದ್ದು. ಅಂಚಿನ ತೂತುಗಳಿಗೆ ಕಬ್ಬಿಣದ ಗೂಟ ಹೊಡೆದು ಎಳೆದು ಬಿಗಿಯಬೇಕು. ಸುತ್ತಿಗೆ ಒಂದೇ, ಉಳಿದವರದ್ದು ಕಲ್ಲು. ಬಿಗಿಯಾಗಿ ಕೂತರೆ ಬಾಲು ಪುಟಿದು ಎದೆ ಮಟ್ಟಕ್ಕೆ ಬರುತ್ತೆ. ಎಲ್ಲಾದರೂ ಸುಕ್ಕು ಉಳಿದರೆ ಅಲ್ಲಿ ಬಿದ್ದ ಬಾಲು ಎಲ್ಲಿಗೆ ಹೋಗುತ್ತೆ ಅಂತ ದೇವರಿಗೂ ಗೊತ್ತಿಲ್ಲ. ಜಂಬೊನ ಬಾಲು ತಿರುಗುತ್ತಿದ್ದದ್ದು ಅಂಥ ಸುಕ್ಕಿಗೆ ಬಿದ್ದಾಗ ಮಾತ್ರ. ಆಗ ಬ್ಯಾಟ್ಸ್‌ಮನ್‌ಗಿಂತ ಅವನಿಗೇ ಗಾಬರಿ.

ಮ್ಯಾಟ್ ಮೇಲೆ ಆಡುವುದರಲ್ಲಿ ಒಂದು ಲಾಭ ಇತ್ತು. ಮೊಳೆ ಇರುವ ಶೂ ಬೇಕಿಲ್ಲ, ಕ್ಯಾನ್ವಾಸ್ ಶೂ ಸಾಕು. ಶನಿವಾರದ ಬಿಳಿ ಯೂನಿಫಾರ್ಮೇ ನಮ್ಮ ಕ್ರಿಕೆಟ್ ಡ್ರೆಸ್ಸು. ಶೂಗೆ ಕ್ಲಾಸಿನಿಂದ ಕದ್ದ ಚಾಕ್‌ಪೀಸು ಉಜ್ಜಿದರೆ ಟೆಸ್ಟ್ ಪ್ಲೇಯರು ತಯಾರು, ಮೊದಲ ರನ್ ಓಡುವ ತನಕ.

ಟೂರ್ನಮೆಂಟು ನಾಕೌಟ್, 30 ಓವರ್. ಮೊದಲ ಮ್ಯಾಚಿಗೆ ಮ್ಯಾಟ್ ತರುವ ಪಾಳಿ ನಮ್ಮದು. ಟಾಂಗಾ ಮೇಲೆ ಮ್ಯಾಟು, ಮ್ಯಾಟಿನ ಮೇಲೆ ಟೈಲರ್, ಹಿಂದೆ ಸೈಕಲ್ಲುಗಳಲ್ಲಿ ನಾವು. ಹಾಗೆ ಓವಲ್ ಮೈದಾನಕ್ಕೆ ಮೆರವಣಿಗೆ ಹೋದೆವು. ಓವಲ್ ಅಂದರೆ ಲಂಡನ್ನಿನದಲ್ಲ, ಕ್ರಾಫರ್ಡ್ ಹಾಲ್ ಎದುರಿನ ನಮ್ಮದು. ಆ ಇನ್ನೊಂದು ಓವಲ್‌ನಲ್ಲಿ 1971ರಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು ಅದರ ನೆಲದಲ್ಲೇ ಸೋಲಿಸಿಕೊಟ್ಟ ಚಂದ್ರಶೇಖರ್ ಹುಟ್ಟಿದ್ದು ಮೈಸೂರಿನಲ್ಲಿ. ಪಿಟಿ ಮೇಷ್ಟ್ರು ಇದನ್ನು ಪ್ರತಿ ಮ್ಯಾಚಿಗೂ ಮುಂಚೆ ಹೇಳುತ್ತಿದ್ದರು. ಪೋಲಿಯೊ ಬಂದ ಕೈಯಲ್ಲಿ ಅವರು ಅಷ್ಟು ಮಾಡಿದರು, ಎರಡೂ ಕೈ ಸರಿ ಇರುವ ನಿಮಗೇನು ದಾಡಿ ಅನ್ನುವುದು ಆ ಭಾಷಣದ ಕೊನೇ ಸಾಲು. ಹಾಗಂದು ನನ್ನ ಕಡೆ ಒಮ್ಮೆ ನೋಡುತ್ತಿದ್ದರು.

ಮೊದಲ ಮ್ಯಾಚು ಒಂದೂವರೆ ಗಂಟೆಯಲ್ಲಿ ಮುಗಿಯಿತು. ಅವರು 41ಕ್ಕೆ ಆಲೌಟು, ಡೈರಿಗೆ 5. ಎರಡನೆಯದರಲ್ಲಿ 3 ರನ್ನಿನಿಂದ ಗೆದ್ದೆವು. ಚಪಾತಿ 37 ಹೊಡೆದು ರನೌಟ್ ಆದ. ಮನೆಗೆ ಬರುವ ತನಕ ಮಾತಾಡಲಿಲ್ಲ.

ಅಷ್ಟರಲ್ಲಿ ದಸರಾ ರಜೆ ಬಂತು. ಅಕ್ಟೋಬರ್ 21ಕ್ಕೆ ಚಿನ್ನಸ್ವಾಮಿಯಲ್ಲಿ ಟೈಟಾನ್ ಕಪ್ ಮ್ಯಾಚು, ಆಸ್ಟ್ರೇಲಿಯಾ ಮೇಲೆ. ಗೆಲ್ಲಲು 216 ಬೇಕಿತ್ತು. ಸಚಿನ್ 88ಕ್ಕೆ ಔಟಾಗಿ ಸ್ಕೋರು 164ಕ್ಕೆ 8 ಆದಾಗ ನಮ್ಮ ಮನೆಯಲ್ಲಿ ಟಿವಿ ಆರಿಸಿದರು. ಪಕ್ಕದ ಮನೆಯಿಂದ ಕೂಗು ಕೇಳಿ ಮತ್ತೆ ಹಾಕಿದರು. ಶ್ರೀನಾಥ್ 30, ಕುಂಬ್ಳೆ 16, ಇಬ್ಬರೂ ನಾಟೌಟ್. ಮುರಿಯದ 52 ರನ್ನಿನ ಜೊತೆಯಾಟ. ಇದರಿಂದ ನಮ್ಮ ಟೀಮಿಗೆ ಆದ ನಷ್ಟ ಅಷ್ಟಿಷ್ಟಲ್ಲ. ರಜೆ ಮುಗಿದು ಬಂದರೆ ಡೈರಿ, ಜಂಬೊ ಇಬ್ಬರೂ ಬೌಲಿಂಗ್ ಮಾಡುವುದೇ ಬಿಟ್ಟು ಪ್ಯಾಡು ಕಟ್ಟಿಕೊಂಡು ನಿಂತಿದ್ದರು. ಸೆಮಿಫೈನಲ್‌ನಲ್ಲಿ ಅವರು ಹೊಡೆದದ್ದು ಕ್ರಮವಾಗಿ 0 ಮತ್ತು 2.

ಸೆಮಿಫೈನಲ್ ಹೇಳುವುದಕ್ಕೂ ಮುಂಚೆ ಸ್ಕೋರ್ ಪುಸ್ತಕದ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ್ದು ಎಷ್ಟು ದೊಡ್ಡದು, ಎಷ್ಟು ಸಣ್ಣದು ಅಂತ ಅರ್ಥ ಆಗಲ್ಲ.

ಉದ್ದನೆಯ ಪುಸ್ತಕ, ಕೆಂಪು ರಟ್ಟು. ಮೇಲರ್ಧ ಬ್ಯಾಟಿಂಗಿಗೆ, ಕೆಳಗಿನ ಅರ್ಧ ಬೌಲಿಂಗಿಗೆ. ಒಂದು ಬಾಲ್ ಬಿದ್ದರೆ ಅದನ್ನು ಮೂರು ಕಡೆ ಬರೆಯಬೇಕು. ಬ್ಯಾಟ್ಸ್‌ಮನ್ ಸಾಲಿನಲ್ಲಿ ಒಮ್ಮೆ, ಬೌಲರ್‌ನ ಚೌಕದಲ್ಲಿ ಒಮ್ಮೆ, ಆಮೇಲೆ ಒಟ್ಟು ರನ್ನಿನ ಅಂಕಿ ಸಾಲಿನಲ್ಲಿ ಒಂದು ಗೀಟು. ರನ್ ಬರದಿದ್ದರೆ ಚುಕ್ಕಿ. ವೈಡಿಗೆ ಪ್ಲಸ್ ಗುರುತು. ನೋಬಾಲಿಗೆ ಸುತ್ತು. ಆರಕ್ಕೆ ಆರೂ ಚುಕ್ಕಿಯಾದರೆ ಅವನ್ನು ಗೆರೆ ಎಳೆದು ಸೇರಿಸಿ ಇಂಗ್ಲಿಷಿನ ಎಂ ಅಕ್ಷರ ಮಾಡಬೇಕು. ಅದು ಮೇಡನ್. ನನಗೆ ಇಡೀ ಪುಸ್ತಕದಲ್ಲಿ ಇಷ್ಟವಾದ ಕೆಲಸ ಆ ಗೆರೆ ಎಳೆಯುವುದು. ಬೇರೆಯವರು ಬೌಂಡರಿಗೆ ಚಪ್ಪಾಳೆ ಹೊಡೆಯುತ್ತಿದ್ದರು, ನಾನು ನಾಲ್ಕನೇ ಚುಕ್ಕಿಯಿಂದಲೇ ಉಸಿರು ಬಿಗಿ ಹಿಡಿಯುತ್ತಿದ್ದೆ.

ಎರಡೂ ಟೀಮಿನ ಸ್ಕೋರರ್‌ಗಳು ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಕೂರಬೇಕು. ಅಂಪೈರ್ ಸನ್ನೆ ಮಾಡಿದರೆ ಕೈ ಎತ್ತಿ ತೋರಿಸಬೇಕು, ಆಮೇಲೇ ಮುಂದಿನ ಬಾಲು. ಪ್ರತಿ ಓವರಿಗೂ ಇಬ್ಬರ ಲೆಕ್ಕ ಸೇರಬೇಕು. ಕೊನೆಗೆ ಬ್ಯಾಟ್ಸ್‌ಮನ್‌ಗಳ ರನ್ನಿಗೆ ಎಕ್ಸ್‌ಟ್ರಾ ಕೂಡಿದರೆ ಒಟ್ಟು ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟದ್ದಕ್ಕೆ ಬೈ, ಲೆಗ್ ಬೈ ಕೂಡಿದರೂ ಅದೇ ಬರಬೇಕು. ಬಾಲು ಬ್ಯಾಟಿಗೆ ತಾಗದೆ ಮೈಗೋ ಪ್ಯಾಡಿಗೋ ಬಡಿದು ಹೋದಾಗ ಓಡಿದ ರನ್ನು ಲೆಗ್ ಬೈ. ಅದು ಎಕ್ಸ್‌ಟ್ರಾ, ಬ್ಯಾಟ್ಸ್‌ಮನ್ ಲೆಕ್ಕಕ್ಕೆ ಸೇರಲ್ಲ. ಅಂಗಡಿಯ ಲೆಕ್ಕದ ಪುಸ್ತಕಕ್ಕಿಂತ ಕಟ್ಟುನಿಟ್ಟು. ಒಂದು ಕಡೆ ಕೈ ಆಡಿಸಿದರೆ ಇನ್ನೊಂದು ಕಡೆಯೂ ಆಡಿಸಲೇಬೇಕು.

ಸೆಮಿಫೈನಲ್. ನಾವು ಮೊದಲು ಬ್ಯಾಟಿಂಗ್. ಒಂದು ಕಡೆ ಎಲ್ಲರೂ ಬರುವುದು, ಹೋಗುವುದು. ಇನ್ನೊಂದು ಕಡೆ ಚಪಾತಿ ನಿಂತೇ ಇದ್ದ. 29 ಓವರ್ ಮುಗಿದಾಗ ಅವನು 49. ಕೊನೇ ಓವರಿಗೆ ಅವನೇ ಸ್ಟ್ರೈಕು.

ಬೌಲಿಂಗಿಗೆ ಬಂದವನು ಒಬ್ಬ ಉದ್ದನೆಯ ಎಡಗೈ ಸ್ಪಿನ್ನರ್. ಅಂಗಿ ತೋಳು ಮಣಿಕಟ್ಟಿನ ತನಕ ಇಳಿಬಿಟ್ಟಿದ್ದ. ಮೂರೇ ಹೆಜ್ಜೆ ನಡೆದು ಬಂದು, ಸುಮ್ನೆ ಕೈ ತಿರುಗಿಸಿ ಬಿಡುತ್ತಿದ್ದ. ಮೊದಲ ಬಾಲು ಚಪಾತಿ ಮುಂದೆ ಬಂದು ಬೀಸಿದ, ತಾಗಲಿಲ್ಲ. ಎರಡನೆಯದು ಪಾಯಿಂಟ್ ಫೀಲ್ಡರ್ ಕೈಗೆ ಹೋಯಿತು. ಮೂರು, ನಾಲ್ಕು ಬ್ಯಾಟಿನ ಅಂಚಿಗೆ ತಾಗದೆ ಪಕ್ಕದಲ್ಲೇ ಹಾದು ಕೀಪರ್‌ಗೆ. ನಮ್ಮವರು ಬೌಂಡರಿ ಗೆರೆ ಮೇಲೆ ನಿಂತು "ಒಂದೇ ಒಂದು ಗುರು, ಒಂದೇ ಒಂದು" ಅಂತ ಗಂಟಲು ಹರಿದುಕೊಳ್ಳುತ್ತಿದ್ದರು. ಐದನೆಯದನ್ನು ಬೌಲರ್ ಬಗ್ಗಿ ತಾನೇ ತಡೆದ. ಐದು ಚುಕ್ಕಿ.

ಆರನೇ ಬಾಲು ಲೆಗ್ ಸ್ಟಂಪಿನ ಮೇಲೆ ಬಿತ್ತು. ಚಪಾತಿ ಬೀಸಿದ. ಪ್ಯಾಡಿಗೆ ಬಡಿದ ಶಬ್ದ ಬೆಂಚಿನ ತನಕ ಕೇಳಿಸಿತು. ಬಾಲು ಫೈನ್ ಲೆಗ್ ಕಡೆ ಉರುಳಿತು. ಓಡಿದರು. ಆ ತುದಿ ಮುಟ್ಟಿ ಅವನು ಬ್ಯಾಟ್ ಎತ್ತಿದ. ನಮ್ಮವರು ಒಳಗೆ ನುಗ್ಗಿ ಅವನನ್ನು ಎತ್ತಿಕೊಂಡರು. ಆ ಗಲಾಟೆಯ ಹಿಂದೆ ಅಂಪೈರ್ ನನ್ನ ಕಡೆ ತಿರುಗಿ, ಒಂದು ಕಾಲು ಎತ್ತಿ, ಮಂಡಿ ತಟ್ಟಿದರು. ಲೆಗ್ ಬೈ. ನಾನು ಕೈ ಎತ್ತಿದೆ.

ಕೈ ಎತ್ತಿದೆ ಅನ್ನುವುದನ್ನೇ ನಾನು ಮರೆಯಲಾರೆ. ನೋಡಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುವ ಹಾಗಿಲ್ಲ.

ಎತ್ತಿದ ಕೈ ಇಳಿಸಿ ಚಪಾತಿಯ ಸಾಲಿನಲ್ಲಿ 1 ಅಂತ ಬರೆದೆ. ಪಕ್ಕದವನು ನೋಡಿದ. ಅವನು ಆಗಲೇ ತನ್ನ ಪುಸ್ತಕದಲ್ಲಿ ಲೆಗ್ ಬೈ ಹಾಕಿ, ಬೌಲರ್‌ನ ಚೌಕದಲ್ಲಿ ಎಂ ಗೆರೆ ಶುರು ಮಾಡಿದ್ದ. ಲೆಗ್ ಬೈ ಬೌಲರ್ ಲೆಕ್ಕಕ್ಕೆ ಬರಲ್ಲವಲ್ಲ, ಅದು ಮೇಡನ್ ಓವರ್.

"ಲೆಗ್ ಬೈ ಕೊಟ್ರಲ್ಲೋ ಅಂಪೈರು."

"ನನ್ ಫ್ರೆಂಡು ಕಣೋ ಅವ್ನು. ಮುಂದಿನ ವರ್ಷ ಆಡಲ್ಲ."

ಅವನು ಮೈದಾನದ ಕಡೆ ನೋಡಿದ. ಆಮೇಲೆ ನನ್ನ ಕಡೆ. ದಪ್ಪ ಕನ್ನಡಕದ ಹುಡುಗ, ನನ್ನ ಹಾಗೇ ಅಕ್ಷರ ಚೆನ್ನಾಗಿರುವ ಕಾರಣಕ್ಕೆ ಬಂದವನಿರಬೇಕು. "ಬರ್ಕೋ. ಹೆಂಗೂ ನಾವೇ ಗೆಲ್ಲೋದು" ಅಂದ. ನನ್ನ ರಬ್ಬರನ್ನೇ ಇಸಕೊಂಡು ತನ್ನದನ್ನು ಅಳಿಸಿದ. ನಾನು ಬೌಲರ್‌ನ ಆರನೇ ಚುಕ್ಕಿ ಬೀಳಬೇಕಿದ್ದ ಜಾಗದಲ್ಲೂ 1 ಹಾಕಿದೆ. ಎಕ್ಸ್‌ಟ್ರಾದಲ್ಲಿ ಏನೂ ಕೂಡಿಸಲಿಲ್ಲ. ಲೆಕ್ಕ ಸರಿಹೋಯಿತು. 112ಕ್ಕೆ 8. ಆ ಉದ್ದ ಹುಡುಗನದು 6 ಓವರ್, 1 ಮೇಡನ್, 14 ರನ್, 2 ವಿಕೆಟ್ ಆಗಬೇಕಿತ್ತು. ನಮ್ಮಿಬ್ಬರ ಪುಸ್ತಕದಲ್ಲೂ ಅದು 6, 0, 15, 2.

ಅವರು 26ನೇ ಓವರಿಗೇ ಗೆದ್ದರು. ಕನ್ನಡಕದವನು ಹೇಳಿದ್ದು ಸರಿಯಾಗಿತ್ತು.

ಸೋಮವಾರ ಪ್ರೇಯರ್‌ನಲ್ಲಿ ಹೆಡ್‌ಮಾಸ್ಟರು ಚಪಾತಿಯ ಹೆಸರು ಓದಿ ಒಂದು ಪೆನ್ನು ಕೊಟ್ಟರು. ಅವನ ಅಪ್ಪ ಪೆನ್ನು ನೋಡಿ, ಪರೀಕ್ಷೆಗೆ ಆಯ್ತು ಅಂದರಂತೆ. ಹತ್ತನೇ ಕ್ಲಾಸಿನಲ್ಲಿ ಅವನು ಬ್ಯಾಟು ಮುಟ್ಟಲಿಲ್ಲ. ಅಂದರೆ ನನ್ನ ಒಂದು ರನ್ನಿನಿಂದ ಯಾರಿಗೂ ಏನೂ ಆಗಲಿಲ್ಲ. ಬಾಲು ಬ್ಯಾಟಿಗೆ ತಾಗಿಲ್ಲ ಅಂತ ಅವನಿಗೆ ಗೊತ್ತಿತ್ತಾ? ಗೊತ್ತಿರಲೇಬೇಕು, ಪ್ಯಾಡು ಇದ್ದದ್ದು ಅವನ ಕಾಲಿನಲ್ಲಿ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ದೊಡ್ಡವನಾದ ಮೇಲೆ ಶಾಲಾ ಕ್ರಿಕೆಟ್ಟಿನ ಸ್ಕೋರುಗಳ ಬಗ್ಗೆ ಎಲ್ಲಿ ಏನು ಕಂಡರೂ ಓದುವುದು ನನಗೆ ಚಟ ಆಯಿತು. 1899ರಲ್ಲಿ ಇಂಗ್ಲೆಂಡಿನ ಕ್ಲಿಫ್ಟನ್ ಕಾಲೇಜಿನಲ್ಲಿ ಎ.ಇ.ಜೆ. ಕಾಲಿನ್ಸ್ ಅನ್ನುವ 13 ವರ್ಷದ ಹುಡುಗ ಶಾಲೆಯ ಒಳಗಿನ ಮ್ಯಾಚೊಂದರಲ್ಲಿ ಔಟಾಗದೆ 628 ಹೊಡೆದ. ನೂರು ವರ್ಷ ದಾಟಿದರೂ ಅದೇ ದಾಖಲೆ. 'ಆರುನೂರ ಇಪ್ಪತ್ತೆಂಟು, ಇಪ್ಪತ್ತು ಆಚೆ ಈಚೆ ಅನ್ನೋಣ' ಅಂತ ಅದನ್ನು ಬರೆದ ಸ್ಕೋರರ್‌ಗಳಲ್ಲಿ ಒಬ್ಬ ಹೇಳಿದ್ದನೆಂದು ಪ್ರತೀತಿ. ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಅವನು ಇದ್ದಿದ್ದರೆ ಕರೆದು ಕಾಫಿ ಕೊಡಿಸುತ್ತಿದ್ದೆ. ಇಪ್ಪತ್ತು! ನಂದು ಒಂದೇ ಒಂದು.

ಆದರೆ ಸಮಾಧಾನ ಜಾಸ್ತಿ ದಿನ ಉಳಿಯಲಿಲ್ಲ. 2016ರ ಜನವರಿಯಲ್ಲಿ ಮುಂಬೈ ಹತ್ತಿರದ ಕಲ್ಯಾಣದಲ್ಲಿ ಪ್ರಣವ್ ಧನವಾಡೆ ಶಾಲಾ ಮ್ಯಾಚಿನಲ್ಲಿ 1009 ಹೊಡೆದ. ಕಾಲಿನ್ಸ್ ದಾಖಲೆ ಹೋಯಿತು. ಆಟೋ ಓಡಿಸುವವರ ಮಗ ಅಂತ ಓದಿ ಖುಷಿಯೂ ಆಯಿತು. ಆಮೇಲೆ ಎದುರು ಟೀಮಿನ ಸ್ಕೋರು ನೋಡಿದೆ. ಮೊದಲ ಇನಿಂಗ್ಸ್‌ನಲ್ಲಿ 31ಕ್ಕೆ ಆಲೌಟು. ಎದುರಿಗಿದ್ದವರಲ್ಲಿ ತುಂಬಾ ಜನ ಅವನಿಗಿಂತ ಚಿಕ್ಕ ಹುಡುಗರಂತೆ. ಅವರಿಗೆ ಬಾಲ್ ಹಾಕಿ ಹಾಕಿ ಕೈ ಬಿದ್ದು ಹೋಗಿರಬೇಕು. ಎಲ್ಲರೂ 1009 ಅಂತ ಮೆಸೇಜ್ ಕಳಿಸುತ್ತಿದ್ದರೆ ನನ್ನ ತಲೆಯಲ್ಲಿ ಉಳಿದದ್ದು 31. 1988ರಲ್ಲಿ ಆಜಾದ್ ಮೈದಾನದಲ್ಲಿ ಸಚಿನ್, ಕಾಂಬ್ಳಿ ಸೇರಿ 664 ಪೇರಿಸಿದಾಗಲೂ ಅಷ್ಟೇ. ಎದುರು ಬೌಲಿಂಗ್ ಮಾಡುತ್ತಿದ್ದವರಲ್ಲಿ ಸಾಯಿರಾಜ್ ಬಹುತುಲೆ ಒಬ್ಬ. ಮುಂದೆ ಭಾರತಕ್ಕೆ ಆಡಿದ್ದರಿಂದ ಅವನ ಹೆಸರು ನಮಗೆ ಗೊತ್ತು. ಉಳಿದವರದು?

ಕಳೆದ ಭಾನುವಾರ ವಾಟ್ಸಾಪಿನಲ್ಲಿ ಚಪಾತಿಯ ಮೆಸೇಜ್ ಬಂತು. ಅವನ ಮಗ ಸ್ಕೂಲ್ ಟೀಮಿಗೆ ಸೆಲೆಕ್ಟ್ ಆಗಿದ್ದಾನೆ. 'ಅಪ್ಪ ಫಿಫ್ಟಿ ಹೊಡೆದಿದ್ದ ಅಂದ್ರೆ ನಂಬ್ತಾ ಇಲ್ಲ ಕಣೋ. ಆ ಪೇಜ್ ಒಂದು ಫೋಟೊ ಹಾಕು.' ಪುಸ್ತಕ ನನ್ನ ಹತ್ತಿರವೇ ಇದೆ. ಪಿಟಿ ಮೇಷ್ಟ್ರು ರಿಟೈರ್ ಆಗುವಾಗ ರೂಮು ಖಾಲಿ ಮಾಡುತ್ತಾ, ರದ್ದಿಗೆ ಹಾಕುವ ಬದಲು ನನಗೆ ಕೊಟ್ಟಿದ್ದರು.

ಅಟ್ಟದಿಂದ ಇಳಿಸಿ ನೋಡಿದೆ. ರಟ್ಟಿನ ಬಣ್ಣ ಹೋಗಿದೆ. ಪೆನ್ಸಿಲ್ ಬರಹ ಮಾತ್ರ ಹಾಗೇ ಇದೆ, ಒಳ್ಳೇ ನಟರಾಜ ಪೆನ್ಸಿಲ್. ಚಪಾತಿಯ ಸಾಲು ಚೆನ್ನಾಗಿ ಕಾಣುತ್ತೆ, ಕೊನೆಯಲ್ಲಿ ಆ 1. ಕೆಳಗಿನ ಅರ್ಧಕ್ಕೆ ಕಣ್ಣು ಹೋಯಿತು. ಐದು ಚುಕ್ಕಿ, ಒಂದು 1. ಅದರ ಎಡಕ್ಕೆ ಬೌಲರ್ ಹೆಸರಿನ ಜಾಗ. ಎದುರು ಟೀಮಿನವರ ಹೆಸರು ನಮಗೆ ಗೊತ್ತಿರುತ್ತಿರಲಿಲ್ಲ. ಪಕ್ಕದ ಸ್ಕೋರರ್‌ನ ಕೇಳಿ ಬರೆಯಬೇಕು, ಗಡಿಬಿಡಿಯಲ್ಲಿ ಕೇಳುತ್ತಿರಲಿಲ್ಲ. ಕಂಡ ಹಾಗೆ ಗುರುತು ಹಾಕಿಕೊಂಡು ಆಮೇಲೆ ತಿದ್ದೋಣ ಅಂತ ಬಿಟ್ಟಿರುತ್ತಿದ್ದೆ. ಅಲ್ಲಿ ನನ್ನದೇ ದುಂಡು ಅಕ್ಷರದಲ್ಲಿ 'ಉದ್ದ ಎಡಗೈ' ಅಂತ ಇದೆ. ತಿದ್ದಿಲ್ಲ.

ಅವನು ಈಗ ಎಲ್ಲಿದ್ದಾನೋ. ನಲವತ್ತು ದಾಟಿರುತ್ತಾನೆ. ಬೌಲರ್‌ಗಳು ಲೆಕ್ಕ ಇಟ್ಟುಕೊಂಡಿರುತ್ತಾರೆ. ಅವನ ತಲೆಯಲ್ಲಿ ಆ ಓವರು ಮೇಡನ್ ಆಗಿಯೇ ಇರಬಹುದು.

ಟೇಬಲ್ ಮೇಲೆ ಪುಸ್ತಕ ಇಟ್ಟು, ಕಿಟಕಿ ಬೆಳಕಿಗೆ ತಿರುಗಿಸಿ ಫೋಟೊ ತೆಗೆದೆ. ಮೇಲಿನ ಅರ್ಧ ಮಾತ್ರ ಉಳಿಸಿಕೊಂಡು, ಬೌಲಿಂಗ್ ಭಾಗ ಕತ್ತರಿಸಿ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಸ್ವಲ್ಪ ಹೊತ್ತು ಬಿಟ್ಟು ಅವನ ಉತ್ತರ: 'ಸೂಪರ್ ಕಣೋ. ಮಗ ಕೇಳ್ತಿದ್ದಾನೆ, ಯಾರ ಬೌಲಿಂಗಲ್ಲಿ ಅಂತ. ನೆನಪಿದ್ಯಾ?'